ಅಜ್ಜನ ಪಾಲಿನ ಮೂಗು

ವೈಕಾಟೊ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಹ್ಯಾಮಿಲ್ಟನ್ನಿನ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ನರ್ಸ್ ರಿಪೆಕಾ ತಾಮಿಹಾನ ಪುಟ್ಟ ಜಾಲರಿಯೊಂದನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಾರೆ. ತಲೆಬುರುಡೆಯ ತಳದ ಗಡ್ಡೆಯನ್ನು ಮೂಗಿನ ಮೂಲಕವೇ ತೆಗೆದ ಮೇಲೆ, ಆ ದಾರಿ ಅಂಟಿಕೊಂಡು ಮುಚ್ಚದಂತೆ ಒಳಗೆ ಕೂರಿಸುವ ಸ್ಟೆಂಟ್ ಇದು. ಊತ ಇಳಿಸುವ ಔಷಧವನ್ನು ತುಸುತುಸುವೇ ಒಸರುತ್ತ, ಸುಮಾರು ತಿಂಗಳಲ್ಲಿ ತಾನೇ ಕರಗಿಹೋಗುತ್ತದೆ. ಕೂರಿಸುವವರು ಡಾಕ್ಟರು. ಮಡಿಚಿ ಕೊಡುವವರು, ಕರಗುವ ತನಕ ರೋಗಿಯ ಬೆನ್ನು ಬಿಡದವರು ರಿಪೆಕಾ.

"ಕಂಡವರ ಮೂಗಿನ ವಿಚಾರಕ್ಕೆ ಮೂಗು ತೂರ್ಸೋದೇ ನನ್ ಉದ್ಯೋಗ" ಎಂದು ನಗುತ್ತಾರೆ.

ಕುರಿಯ ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆ ಮಾಡುತ್ತಿದ್ದವಳ ಮಗಳು ಇವರು. ಇದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತ, ಮಕ್ಕಳನ್ನು ಮಲಗಿಸಿ ಓದುತ್ತ ನರ್ಸ್ ಆದವರು. ಡಾಕ್ಟರ ಹೆಸರು ರೋಗಿಗಳಿಗೆ ಮರೆಯುತ್ತದಂತೆ, ರಿಪೆಕಾರ ಬೈಗುಳ ಮರೆಯುವುದಿಲ್ಲವಂತೆ.

ಕಳೆದ ಚಳಿಗಾಲದ ಒಂದು ಮುಂಜಾನೆ ಹೋಹೆಪಾ ಅಜ್ಜನ ಫೋನು ಬಂತು. ಅವರ ಮೂಗಿಗೆ ಸ್ಟೆಂಟ್ ಹಾಕಿ ಹತ್ತು ದಿನವೂ ಆಗಿರಲಿಲ್ಲ.

"ಮಗಳೇ, ಅಕ್ಕ ಹೋಗ್ಬಿಟ್ಳು. ನಾಳೆ ಊರಿಗೆ ಊರೇ ಬರುತ್ತೆ. ಮೂಗು ಕೊಡಬಹುದಾ?"

ಸಾವಿನ ಮನೆಗೆ ಬಂದವರೆಲ್ಲ ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿ ಉಸಿರು ಹಂಚಿಕೊಳ್ಳುವ, ಇಲ್ಲಿನ ಮೂಲನಿವಾಸಿ ಮಾವೋರಿಗಳ ಹೊಂಗಿ ಪದ್ಧತಿ ಅದು.

"ಮೂಗು ಸೀಟಬೇಡಿ, ಭಾರ ಎತ್ತಬೇಡಿ ಅಂತ ಎಲ್ಲಾ ಹೇಳಿದ್ದೆ. ಮಾವೋರಿ ಹೆಂಗಸಾಗಿ ಹೊಂಗೀನೇ ಮರ್ತಿದ್ದೆ" ಎಂದು ರಿಪೆಕಾ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಅಷ್ಟು ಜನ ಒತ್ತಿದರೆ ಸ್ಟೆಂಟ್ ಸರಿಯಬಹುದು, ಅದರ ಹಿಂದೆ, ಗಡ್ಡೆ ತೆಗೆದ ಜಾಗಕ್ಕೆ ಹಾಕಿದ ತೇಪೆ ಬಿಟ್ಟು ಮಿದುಳಿನ ನೀರು ಸೋರಬಹುದು. ಅಜ್ಜ ಜಗ್ಗಲಿಲ್ಲ.

"ಅಕ್ಕನ ಪಕ್ಕ ಕೂತು ಬಂದೋರಿಗೆ ಮುಖ ತಿರುಗಿಸ್ಲಾ? ಸತ್ರೆ ಅಲ್ಲೇ ಹೂಳಿ, ಹೇಗೂ ಗುಂಡಿ ತೋಡಿರ್ತಾರೆ."

ರಿಪೆಕಾ ರಜೆ ಹಾಕಿ ಹೋಗಿ, ಅಜ್ಜನಿಗೆ ಅಂಟಿಕೊಂಡೇ ಕೂತರು. ಬಂದವರಿಗೆಲ್ಲ ಒಂದೇ ಮಾತು: "ಅಜ್ಜಂಗೆ ಹಣೆ ಮಾತ್ರ. ಅವರ ಪಾಲಿನ ಮೂಗು ನನಗೆ ಕೊಡಿ."

"ಏನೋ ಹೋಹೆಪಾ, ಮೂಗಿಗೂ ಕಾವಲಾ?" ಎಂದು ಮುದುಕಿಯೊಬ್ಬಳು ಛೇಡಿಸಿದಳು.

"ಮೂಗಿಗಲ್ಲ ಕಣೇ, ನಿನ್ ಬಾಯಿಗೆ" ಎಂದರು ಅಜ್ಜ. ಹೆಣದ ಮುಂದೆಯೇ ಎಲ್ಲರೂ ನಕ್ಕರು, ಮತ್ತೆ ಅತ್ತರು.

ಸಂಜೆಗೆ ರಿಪೆಕಾರ ಮೂಗು ಕೆಂಪಗೆ ಊದಿಕೊಂಡಿತ್ತು. "ಊರಿನ ಕಣ್ಣೀರೆಲ್ಲ ನನ್ ಮೂಗಿಗೇ ಅಂಟಿತ್ತು. ನನಗ್ಯಾರು ಸ್ಟೆಂಟ್ ಹಾಕ್ತಾರೆ?"

ಮೂರು ವಾರ ಕಳೆದು ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದಾಗ ಸ್ಟೆಂಟ್ ಕರಗಿತ್ತು, ತೇಪೆ ಗಟ್ಟಿಯಾಗಿತ್ತು, ದಾರಿ ತೆರೆದೇ ಇತ್ತು. ಆದರೆ ಶಸ್ತ್ರಚಿಕಿತ್ಸೆಯಾದಾಗಿನಿಂದ ಅಜ್ಜನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅದು ಬರುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ.

"ಈಗ ಕೊಡಬಹುದು ತಾನೇ?" ಎಂದು ಕೇಳಿ ಅಜ್ಜ ಬಾಗಿ, ರಿಪೆಕಾರ ಮೂಗಿಗೆ ಮೂಗು ಒತ್ತಿದರು. ಬಹಳ ಹೊತ್ತು ತೆಗೆಯಲಿಲ್ಲ. ರಿಪೆಕಾರಿಗೆ ಗಾಬರಿಯೇ ಆಯಿತು.

"ಹೊಗೆ ಹಾಕಿದ ಹಾವುಮೀನು ತಿಂದು ಬಂದಿದ್ದೀಯ" ಎಂದರು ಅಜ್ಜ, ಕಣ್ಣು ಮುಚ್ಚಿಕೊಂಡೇ. "ನನಗೊಂದು ತುಂಡೂ ತರ್ಲಿಲ್ಲ, ಕಳ್ಳಿ."

ಇಷ್ಟು ವರ್ಷದ ದುಡಿಮೆಗೆ ಬಿರುದು ಗಿರುದು ಏನಾದರೂ ಸಿಕ್ಕಿದೆಯೇ ಎಂದು ಕೇಳಿದರೆ ರಿಪೆಕಾ ಮೂಗು ಉಜ್ಜಿಕೊಳ್ಳುತ್ತಾರೆ.

"ಸಿಕ್ಕಿದೆಯಲ್ಲ, ಕಳ್ಳಿ ಅಂತ."