ಅಲುಗಾಡಬೇಡಿ ಖಾಲಾ

ಯುದ್ಧಕ್ಕೆ ಮುಂಚೆ ನಶ್ವಾನ್ ಮೋಸುಲ್‌ನಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದವನು. ಬಾಯಿ ಅಂದರೆ ಬಾಯಿ ಅವನದು! ಗದ್ದ ಎತ್ತಿ, ಅತ್ತೆ ಪಕ್ಕ ಒತ್ತಿ ನಿಲ್ಲಿ, ಜಗಳ ಆಮೇಲೆ ಆಡಿ ಅಂತ ಗೋಳುಹೊಯ್ದುಕೊಂಡೇ ಎಲ್ಲರನ್ನೂ ನಗಿಸುತ್ತಿದ್ದ. ಕಾಳಗ ಮುಗಿದ ಮೇಲೆ ಮದುವೆಗಳೆಲ್ಲಿ ಬಂದವು? ಮುರಿದ ಮನೆಗಳನ್ನೂ ಅಲ್ಲಿಗೆ ಮರಳುವವರನ್ನೂ ಪತ್ರಿಕೆಗಳಿಗಾಗಿ ತೆಗೆಯತೊಡಗಿದ. ಮಾತು ಕಡಿಮೆಯಾಯಿತು. ಎಲ್ಲಿ ಹೋದರೂ ಒಂದೇ ಪಾಠ, ಏನನ್ನೂ ಮುಟ್ಟಬೇಡಿ. ಊರು ಹಿಡಿದಿಟ್ಟುಕೊಂಡಿದ್ದು ಸೋತು ಓಡಿಹೋದ ಪಾಪಿಗಳು ಬಾಗಿಲಿಗೆ, ಕಪಾಟಿಗೆ, ಮಕ್ಕಳ ಆಟಿಕೆಗೂ ಬಾಂಬು ಕಟ್ಟಿಟ್ಟು ಹೋಗಿದ್ದರು.

ಚಿಕ್ಕಮ್ಮನಂತಿದ್ದ ಸಬೀಹಾ ಖಾಲಾಗೂ ಅದನ್ನೇ ಹೇಳಿದ್ದ. ಆಕೆಯ ಮಗನ ಮದುವೆ ಫೋಟೊ ತೆಗೆದವನು ಅವನೇ. ಯಾರೋ ಬಂದು ಮನೆ ನೋಡಿ ಹೋಗಿದ್ದಾರೆ, ಬಾಂಬುಗೀಂಬು ಏನೂ ಇಲ್ಲವಂತೆ ಅಂತ ಆಕೆ ಅವನನ್ನು ಮನೆಗೆ ಕರೆತಂದಿದ್ದಳು. ಅವನು ಪಡಸಾಲೆಯ ಬಾಗಿಲಲ್ಲೇ ನಿಂತು ಒಂದು ಫೋಟೊ ತೆಗೆದ. ಕ್ಯಾಮೆರಾದ ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ನೋಡಿದರೆ, ಚಹಾ ತಟ್ಟೆಯ ಮೇಲೆ ಓರೆಯಾಗಿ ಬಿದ್ದ ಕೆಟಲಿನ ಹಿಡಿಯಿಂದ ತೆಳ್ಳನೆಯ ತಂತಿಯೊಂದು ಗೋಡೆಯೊಳಗೆ ಹೋಗಿತ್ತು. ತಲೆ ಎತ್ತುವಷ್ಟರಲ್ಲಿ ಖಾಲಾ ಒಳಗೆ ಹೋಗಿಯಾಗಿತ್ತು. ಲೋಕವೆಲ್ಲ ನೋಡುವ ಫೋಟೊದಲ್ಲಿ ತನ್ನ ಮನೆ ಹೀಗೆ ಗಲೀಜಾಗಿ ಕಾಣುವುದುಂಟೆ? ಕೆಟಲನ್ನು ನೆಟ್ಟಗಿಡಲು ಕೈ ಚಾಚಿದ್ದಳು.

ಕಿರುಚಿದರೆ ಬೆಚ್ಚಿಬಿದ್ದು ಕೆಟಲಿಗೆ ಕೈ ತಗುಲಿಸಿಬಿಡುತ್ತಾಳೆ. ಓಡಿಹೋಗಿ ಹಿಡಿಯೋಣವೆಂದರೆ ಅಷ್ಟು ಹೊತ್ತಿಲ್ಲ. ನಶ್ವಾನ್‌ನ ಗಂಟಲಿಂದ ಮದುವೆಮನೆಯ ಹಳೇ ದನಿ ಹೊರಟಿತು.

"ಆಹಾ, ಹಾಗೇ ಇರಿ ಖಾಲಾ. ಮದುಮಗಳ ಥರ ಕಾಣ್ತಿದ್ದೀರಿ. ಅಲುಗಾಡಬೇಡಿ."

"ಥೂ ನಿನ್ನ, ಈ ವಯಸ್ಸಲ್ಲಿ!" ಅಂದಳು. ಕೈ ಮಾತ್ರ ಅಲ್ಲೇ ನಿಂತಿತು.

"ಕೈ ನೆರಳು ಬೀಳ್ತಿದೆ, ಹಿಂದಕ್ಕೆ ತಗೊಳ್ಳಿ. ಮೆಲ್ಲಗೆ. ಈಗ ನನ್ನನ್ನೇ ನೋಡ್ಕೊಂಡು ಬನ್ನಿ. ಹಾಂ, ನಗ್ತಾ."

ನಗುತ್ತಲೇ ಬಂದಳು. ಬೀದಿಗೆ ಕಾಲಿಡುತ್ತಲೇ ನಶ್ವಾನ್ ಗೋಡೆಗೊರಗಿ ಕುಸಿದ. ತಂತಿಯ ಸಂಗತಿ ಹೇಳಿದ. ವಿಷಯ ತಿಳಿದ ಮೇಲೆ ಆಕೆಯೂ ಅವನ ಪಕ್ಕದಲ್ಲೇ ಕೂತುಬಿಟ್ಟಳು.

ಬಾಂಬು ತೆಗೆಯುವವರು ಬಂದು ನೋಡಿ, ಇದನ್ನು ಬಿಚ್ಚಲಾಗುವುದಿಲ್ಲ, ಇದ್ದಲ್ಲೇ ಸಿಡಿಸಬೇಕು ಅಂದರು. ಸಂಜೆಯ ಹೊತ್ತಿಗೆ ಮನೆ ಬರೀ ಕಲ್ಲಿನ ರಾಶಿ. ಖಾಲಾ ಅಳಲಿಲ್ಲ. ಆ ಫೋಟೊ ತೋರಿಸು ಅಂದಳು. ಪಡಸಾಲೆ, ಹಾಸಿದ ಕಂಬಳಿ, ಚಹಾ ಲೋಟಗಳು, ಓರೆ ಕೆಟಲು ಎಲ್ಲ ಇದ್ದವು. ಎಲ್ಲದರ ಮೇಲೂ ದಪ್ಪಗೆ ಧೂಳು ಕೂತಿತ್ತು.

"ಒಂದ್ಸಲ ಒರೆಸೋಕೂ ಬಿಡಲಿಲ್ಲವಲ್ಲೋ," ಅಂದಳು. ಆಮೇಲೆ ಅತ್ತಳು.