ಮಲ್ಲಿಗೆ ಕಟ್ಟಿದ ಹಸಿರು ದಾರ

ಜಡೆಯಂತೆ ಹೆಣೆದ ಗಾಳದ ಹೊಸ ದಾರದ ಉರುಳೆ ಬಿಚ್ಚಿದರೆ ಮೊದಲು ಬರುವುದು ಮೇಣದ ವಾಸನೆ, ಅದರ ಬೆನ್ನಿಗೇ ಮಡಿಕೆ ಬಿಡಿಸದ ರೇನ್‌ಕೋಟಿನ ವಾಸನೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಮೂಗುದಾರ, ಹಗ್ಗ, ಬಲೆ ಮಾರುವ ಅಂಗಡಿಯಲ್ಲಿ ಈಗ ಗಾಳದ ಸಾಮಾನೂ ಸಿಗುತ್ತದೆ. ನನಗೂ ನನ್ನ ಗಂಡನಿಗೂ ಭಾನುವಾರ ಹಿನ್ನೀರಿಗೆ ಹೋಗುವ ಹುಚ್ಚು ಹತ್ತಿದೆ. ಮೊನ್ನೆ ದಾರ ಕೊಳ್ಳಲು ಹೋದಾಗ ಅಂಗಡಿಯಾತ, "ಹರಿಗೋಲಿನ ಹಿಂದ ಬಿಟ್ಟು ಎಳ್ಯಾಕೇನ್ರಿ ಮೇಡಂ, ದಂಡಿ ಮ್ಯಾಲೆ ನಿಂತು ಒಗ್ಯಾಕೇನ್ರಿ?" ಎಂದು ಕೇಳಿದ. ಹಸಿರು ಉರುಳೆಯೊಂದನ್ನು ಮೂಗಿನ ಹತ್ತಿರ ಹಿಡಿದಿದ್ದ ನನಗೆ ಕಿವಿ ಬಿಸಿಯಾಯಿತು. ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತೆ. ಆ ನಾಚಿಕೆ ನನ್ನೊಬ್ಬಳದಲ್ಲ, ಇಡೀ ನಮ್ಮ ಮನೆಯದು. ಆ ಮನೆಯೇ ಈಗ ಇಲ್ಲದಿರುವುದರಿಂದ ಹೊರಲು ನಾನೊಬ್ಬಳು ಉಳಿದಿದ್ದೇನೆ, ಅಷ್ಟೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು.

ಮನೆ ಇದ್ದದ್ದು ಮಾಗಳದಲ್ಲಿ, ಹೊಳೆಗೆ ಬೆನ್ನು ಹಾಕಿಕೊಂಡು. ಕಂಬ ತೊಲೆಗಳನ್ನು ಕಿತ್ತ ಮೇಲೆ ಆ ಜಾಗದಲ್ಲಿ ತಗಡಿನ ಗೋದಾಮು ಎದ್ದಿದೆ. ಲಿಂಗಪೂಜೆಯಾಗದೆ ಯಾರೂ ಬಾಯಿಗೆ ನೀರು ಹಾಕದಿದ್ದ ಮನೆ ಅದು. ಹಿತ್ತಿಲ ತುಂಬ ಮಲ್ಲಿಗೆ. ಸಂಜೆಯಾದರೆ ಪಡಸಾಲೆಯಲ್ಲಿ ವಿಭೂತಿಯ ವಾಸನೆಯೂ ಮೊಗ್ಗಿನ ವಾಸನೆಯೂ ಬೆರೆತು ನಿದ್ದೆ ಬರುವಂತಾಗುತ್ತಿತ್ತು. ಅಂಥ ಮನೆಯಲ್ಲಿ ನಮ್ಮ ಶಿವಪ್ಪ ಕಾಕಾ, ಅಪ್ಪನ ತಮ್ಮ, ಮೀನು ಹಿಡಿಯುತ್ತಿದ್ದ. ತಿನ್ನುತ್ತಿರಲಿಲ್ಲ. ಹಿಡಿದು, ಒಂದು ಗಳಿಗೆ ಕೈಯಲ್ಲಿ ತೂಗಿ, ನೀರಿಗೆ ಬಿಡುತ್ತಿದ್ದ. ಅಜ್ಜಿಗೆ ಅದೆಲ್ಲ ಬೇಕಿರಲಿಲ್ಲ. ಗಾಳದ ಸಾಮಾನು ದನದ ಕೊಟ್ಟಿಗೆ ದಾಟಿ ಬರಬಾರದು, ಅವನು ತಲೆ ಮೇಲೆ ನೀರು ಹಾಕಿಕೊಳ್ಳದೆ ಹೊಸ್ತಿಲು ತುಳಿಯಬಾರದು. ಯಾರಾದರೂ ಕೇಳಿದರೆ "ತ್ವಾಟಕ್ಕ ಹೋಗ್ಯಾನ" ಎನ್ನಬೇಕೆಂದು ಮಕ್ಕಳಿಗೂ ಹೇಳಿಕೊಟ್ಟಿದ್ದರು.

ಕಾಕಾ ಸೀರೆ ಆರಿಸುವ ಹೆಂಗಸರಿಗಿಂತ ಹೆಚ್ಚು ಹೊತ್ತು ದಾರ ಆರಿಸುತ್ತಿದ್ದ. ಹೊಸಪೇಟೆಯಿಂದ ತಂದ ತುಂಡುಗಳನ್ನು ಕೊಟ್ಟಿಗೆಯ ಕಟ್ಟೆಯ ಮೇಲೆ ಹರವಿ, ಒಂದೊಂದನ್ನೂ ಉಗುರಿನ ಮೇಲೆ ಎಳೆದು, ತುಟಿಗೆ ತಾಗಿಸಿ ನೋಡುತ್ತಿದ್ದ. "ಒಂಟಿ ಎಳಿ ತಂಗೂಸಿ ಹಿಗ್ಗತೈತಿ, ಮೀನು ಮುಟ್ಟಿದ್ದು ಕೈಗೆ ತಿಳ್ಯಂಗಿಲ್ಲ. ಹೆಣೆದದ್ದು ಹಿಗ್ಗಂಗಿಲ್ಲ," ಎನ್ನುತ್ತ ನನ್ನ ಜಡೆ ಹಿಡಿದು ಪಾಠ ಮಾಡುತ್ತಿದ್ದ. ಎಳೆ ಕಡಿಮೆಯಿದ್ದರೆ ದಾರ ಒರಟು, ಕಲ್ಲಿಗೆ ತಿಕ್ಕಿದರೂ ತಾಳುತ್ತದೆ. ಎಳೆ ಹೆಚ್ಚಾದಷ್ಟೂ ದುಂಡಗೆ, ನುಣುಪು, ಕೋಲಿನ ಉಂಗುರಗಳಲ್ಲಿ ಸರ್ರನೆ ಹರಿದು ಕೊಕ್ಕೆ ಕಟ್ಟಿದ ಹುಸಿಮೀನಿನ ಬೊಂಬೆಯನ್ನು ದೂರಕ್ಕೆ ಒಯ್ಯುತ್ತದೆ. ಅವನಿಗೆ ಹುಸಿಮೀನನ್ನು ಹರಿಗೋಲಿನ ಹಿಂದೆ ಬಿಟ್ಟು ಎಳೆಯುವ ಆಸೆ. ನಮ್ಮ ಹೊಳೆಯ ತಳವೆಲ್ಲ ಬಂಡೆ. ಹಾಗಾಗಿ ಕೊನೆಗೆ ನಾಲ್ಕೆಳೆಯದೇ ಗಟ್ಟಿಯಾಯಿತು, ಹೊಳೆನೀರಿನ ಹಸಿರು ಬಣ್ಣದ್ದು.

ಹರಿಗೋಲು ಹನುಮಪ್ಪನದು. ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವನ ಕೆಲಸ, ಕಾಕಾನ ಜೊತೆ ಗಾಳಕ್ಕೆ ಹೋಗುವುದು ಅವನ ಸುಖ. ಮೊದಲ ದಿನ ಹರಿಗೋಲು ತನ್ನ ಬುದ್ಧಿ ಬಿಡದೆ ಗಿರಗಿರ ತಿರುಗಿ, ಹಿಂದೆ ಬಿಟ್ಟಿದ್ದ ದಾರವೆಲ್ಲ ಅದಕ್ಕೇ ಸುತ್ತಿಕೊಂಡಿತ್ತು. "ಸಾವಕಾರ್ರ, ಮೀನು ಬಿಟ್ಟು ನಮ್ಮನ್ನ ನಾವಾ ಹಿಡಕಂಡ್ವಿ!" ಎಂದು ಹನುಮಪ್ಪ ನಕ್ಕದ್ದು ನಮ್ಮ ಹಿತ್ತಿಲಿಗೂ ಕೇಳಿಸಿತ್ತು. ಕಾಕಾ ಅವನನ್ನು ಹನುಮಣ್ಣ ಎಂದೇ ಕರೆಯುತ್ತಿದ್ದ.

ಕಾಕಾನಿಗೆ ಕೊಟ್ಟೂರಿನ ಕಡೆಯ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹಿಂದಿನ ಸಂಬಂಧವೊಂದು ಈ ಮೀನಿನ ಸುದ್ದಿಯಿಂದಲೇ ಮುರಿದಿತ್ತು. ಇದೂ ತಪ್ಪಿದರೆ ಅವನು ಹಾಗೇ ಉಳಿಯುವನೆಂದು ಎಲ್ಲರಿಗೂ ಭಯ. ಅವನಿಗಂತೂ ಹುಡುಗಿ ಮನಸ್ಸಿಗೆ ಬಂದಿದ್ದಳು. ಅವರ ಕಡೆಯವರು ಮನೆ ನೋಡಲು ಬರುವ ದಿನ ಗಾಳದ ಕೋಲು, ಕೊಕ್ಕೆಗಳೆಲ್ಲ ಹನುಮಪ್ಪನ ಗುಡಿಸಲು ಸೇರಿದವು. ಕೊಟ್ಟಿಗೆಯ ಕಿಟಕಿಯಲ್ಲಿದ್ದ ಹಸಿರು ಉರುಳೆ ಮಾತ್ರ ಉಳಿದುಹೋಯಿತು.

ಅದು ಅಜ್ಜಿಯ ಕೈಗೆ ಸಿಕ್ಕಿತು. ಅಂದು ಮಲ್ಲಿಗೆ ಕಟ್ಟುವಾಗ ನೂಲು ಸಾಲದೆ ಬಂದು, ಅಜ್ಜಿ ಮನೆಯೆಲ್ಲ ದಾರ ಹುಡುಕುತ್ತಿದ್ದಳು. ಗಾಳದ ಸಾಮಾನಿನ ಕಡೆ ಒಮ್ಮೆಯೂ ಕಣ್ಣೆತ್ತಿ ನೋಡದವಳಿಗೆ ಇದು ಅದೇ ಎಂದು ತಿಳಿಯುವುದಾದರೂ ಹೇಗೆ? ಹೂವಿನ ತೊಟ್ಟಿನ ಬಣ್ಣಕ್ಕೇ ಹೊಂದುತ್ತದಲ್ಲ ಎಂದು ಹಿಗ್ಗಿ ಮಾರುಗಟ್ಟಲೆ ಕಟ್ಟಿದಳು. ಈಳಿಗೆಗೆ ತಾಗಿಸಿ ಕತ್ತರಿಸಿದ ಮೊದಲ ಮಾಲೆ ದೇವರ ಜಗಲಿಗೇ ಹೋಯಿತು. ಕಾಕಾ ಹಡಗಲಿಯ ಬಸ್ ನಿಲ್ದಾಣದಿಂದ ಬೀಗರನ್ನು ಕರೆದುಕೊಂಡು ಬರುವ ಹೊತ್ತಿಗೆ ಇಡೀ ಪಡಸಾಲೆ ಘಮಘಮ ಎನ್ನುತ್ತಿತ್ತು.

ಎಲ್ಲ ಚೆನ್ನಾಗಿಯೇ ನಡೆಯಿತು, ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟು ಹೂ ಹರಿದುಕೊಡುವ ತನಕ. ದಾರ ಹರಿಯಲಿಲ್ಲ. ಅಜ್ಜಿ ಹಲ್ಲಿನಲ್ಲಿ ಕಚ್ಚಿದಳು, ಬೆರಳಿಗೆ ಸುತ್ತಿ ಜಗ್ಗಿದಳು. ದಾರ ಬೆರಳನ್ನೇ ಕೊಯ್ದು ಬಿಳಿ ಹೂವಿನ ಮೇಲೆ ರಕ್ತ ತೊಟ್ಟಿಕ್ಕಿತು. ಹುಡುಗಿಯ ದೊಡ್ಡಪ್ಪ ಸರವನ್ನು ಕೈಗೆ ತೆಗೆದುಕೊಂಡು, ಎಳೆದು, ಬೆಳಕಿಗೆ ಹಿಡಿದು ನೋಡಿದರು. "ಇದು ಗಾಳದ ದಾರ ಐತಲ್ರಿ. ಈ ಮನ್ಯಾಗ ಮೀನು ಹಿಡಿಯೋರು ಯಾರು?"

ಕಾಕಾ ಕಂಬಕ್ಕೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಆಗ ಅಂಗಳದಿಂದ ಮಾತು ಬಂತು. ಊಟಕ್ಕೆಂದು ಆಚೆ ದಡದಿಂದ ಬಾಳೆಎಲೆ ತಂದಿದ್ದ ಹನುಮಪ್ಪ ಕೈಮುಗಿದು ನಿಂತಿದ್ದ. "ನಂದ್ರಿ ಯಜಮಾನ್ರ. ಕೊಟಗ್ಯಾಗ ಇಟ್ಟು ಮರತಿದ್ದೆ. ತಪ್ಪಾತ್ರಿ."

ಅಷ್ಟಕ್ಕೆ ಮುಗಿಯಬಹುದಿತ್ತು. ಮನೆಯ ಮಡಿ ತೋರಿಸಬೇಕಾಗಿದ್ದ ಅಜ್ಜ ಕಾಕಾನ ಕಡೆ ತಿರುಗಿದ. "ನೋಡಕೋಂತ ನಿಂತೀಯಲ್ಲ, ಹೊರಗ ಹಾಕು ಅವನ್ನ." ಕಾಕಾ ಮೆಟ್ಟಿಲಿಳಿದ. ಹೆಂಗಸರೆಲ್ಲ ನೋಡುತ್ತಿದ್ದರು. "ದೇವರ ಮನಿ ಕೆಡಿಸಿದಿ. ಇನ್ನ ಈ ಅಂಗಳದಾಗ ಕಾಲಿಡಬ್ಯಾಡ, ನಡಿ," ಎಂದ. ಹನುಮಪ್ಪ ತಲೆಯೆತ್ತಿ ಒಮ್ಮೆ ಅವನನ್ನು ನೋಡಿದ. ಎಲೆಯ ಕಟ್ಟನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಹೋದ. ಬೀಗರಿಗೆ ಸಮಾಧಾನವಾಯಿತು; ಎಷ್ಟು ಶಿಸ್ತಿನ ಮನೆತನ ಎಂದರು. ಹನುಮಪ್ಪ ತಂದ ಆ ಎಲೆಗಳಲ್ಲೇ ನಾವೆಲ್ಲ ಹೋಳಿಗೆ ಉಂಡೆವು.

ಮದುವೆಯಾಯಿತು. ಬಂದ ಚಿಕ್ಕಮ್ಮ ನಗುಮುಖದವಳು, ಮನೆಯೆಲ್ಲ ಅವಳ ಮಾತಿನಿಂದ ತುಂಬಿತು. ಕಾಕಾ ಗಾಳದ ಹೆಸರೆತ್ತಲಿಲ್ಲ. ಒಂದು ಮಧ್ಯಾಹ್ನ ಚಿಕ್ಕಮ್ಮ ಬೇಳೆ ಆರಿಸುತ್ತ, ತವರಿನ ಸುದ್ದಿ ಹೇಳುತ್ತ, "ನಮ್ಮ ದೊಡ್ಡಪ್ಪ ಕದ್ದು ಕದ್ದು ಕೆರಿಗೆ ಹೋಗಿ ಗಾಳ ಹಾಕ್ತಾನ. ಮನ್ಯಾಗ ಎಲ್ಲಾರಿಗೂ ಗೊತ್ತೈತಿ, ಯಾರೂ ಬಾಯಿ ಬಿಡಂಗಿಲ್ಲ. ಇಲ್ಲಾಂದ್ರ ಅವತ್ತು ಆ ದಾರ ಅವಗ ಹೆಂಗ ಗುರುತು ಸಿಗಬೇಕು!" ಎಂದು ನಕ್ಕಳು. ನಾವೂ ನಕ್ಕೆವು. ಕಾಕಾ ನಗಲಿಲ್ಲ. ಚಪ್ಪಲಿ ಮೆಟ್ಟಿ ಹೊಳೆಯ ಕಡೆ ಹೊರಟ. ನಾನೂ ಹಿಂದೆ ಹೋದೆ.

ಹನುಮಪ್ಪ ದಡದಲ್ಲಿಯೇ ಇದ್ದ. ಕಾಕಾನನ್ನು ಕಂಡು ಎದ್ದು, ಹರಿಗೋಲನ್ನು ನೀರಿಗೆ ಸರಿಸಿ, ದಾರಿಹೋಕರನ್ನು ಕೇಳುವ ದನಿಯಲ್ಲಿ ಕೇಳಿದ: "ಆಕಡಿ ದಂಡಿಗೇನ್ರಿ?" ಅದರಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ಕಾಕಾ ಇಲ್ಲವೆಂದು ತಲೆಯಾಡಿಸಿ ಹಿಂದಿರುಗಿದ. ಆಮೇಲೆ ಆಚೆ ದಡದಲ್ಲಿ ಏನೇ ಕೆಲಸವಿರಲಿ, ಬಸ್ಸಿನಲ್ಲಿ ಸುತ್ತುಹಾಕಿಯೇ ಹೋಗುತ್ತಿದ್ದ.

ಈಗ ಇಬ್ಬರೂ ಇಲ್ಲ. ಚಿಕ್ಕಮ್ಮ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ನೋಡಲು ಹೋದಾಗಲೆಲ್ಲ ಗಂಡನ ಮಾತೆತ್ತಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳುತ್ತಾಳೆ: "ಹೊಳಿ ದಂಡ್ಯಾಗ ಹುಟ್ಟಿದ್ರೂ ನಿಮ್ಮ ಕಾಕಾಗ ನೀರಂದ್ರ ಬಾಳ ಅಂಜಿಕಿ ನೋಡವ್ವಾ. ಒಂದಿನಾನೂ ಹರಿಗೋಲು ಹತ್ತಲಿಲ್ಲ."

ನಾನು ಹೂಂ ಎನ್ನುತ್ತೇನೆ.