ವಾಪಸು ಹೋಗುವ ಕಾರಿಗೆ ಪೂಜೆ

ಪದೇ ಪದೇ ಕೆಟ್ಟು ನಿಲ್ಲುವ ಕಾರಿನ ಕೇಸನ್ನು ಗ್ರಾಹಕರ ಆಯೋಗದಲ್ಲಿ ಗೆದ್ದೆ. ಶೋರೂಮಿಗೆ ಗಾಡಿ ಒಪ್ಪಿಸಿದರೆ ಪೂರ್ತಿ ಹಣ ವಾಪಸು ಎಂದು ಆದೇಶ. ಸ್ವಂತ ಕಾರಿನಲ್ಲಿ ಉಡುಪಿಗೆ ಹೋಗಬೇಕೆಂಬ ಅಮ್ಮನ ಆಸೆಗೆ ಕೊಂಡದ್ದು, ನಗರದ ಅಂಚಿನ ಪನ್ವೇಲನ್ನೂ ಒಮ್ಮೆಯೂ ದಾಟಿರಲಿಲ್ಲ.

ಒಪ್ಪಿಸುವ ದಿನ ನೌಪಾಡಾದ ನಮ್ಮ ಬಿಲ್ಡಿಂಗ್ ಕೆಳಗೆ ಅಮ್ಮ ಅದರ ಚಕ್ರಗಳಡಿ ನಿಂಬೆಹಣ್ಣು ಇಟ್ಟಳು.

"ವಾಪಸು ಹೋಗುವ ಗಾಡಿಗೆ ಎಂಥ ಪೂಜೆ ಅಮ್ಮಾ?"

"ಹೋಗುವವರನ್ನೂ ಚಂದ ಮಾಡಿ ಕಳಿಸಬೇಕು ಮಗಾ" ಎಂದು ಹತ್ತಿ ಕೂತಳು.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ದಾರಿಯಲ್ಲಿ ಒಮ್ಮೆಯೂ ಕೆಮ್ಮಲಿಲ್ಲ.

"ಎಷ್ಟು ಲಾಯ್ಕ ಓಡ್ತದೆ! ಹೀಗೇ ಊರಿಗೆ ಹೋಗುವನಾ? ಶೋರೂಮಿನವರಿಗೆ ಆಮೇಲೆ ಕೊಟ್ಟರಾಯ್ತು."

ನಾನು ಶೋರೂಮಿನ ಗೇಟಿನೊಳಗೆ ತಿರುಗಿಸಿದೆ. ಮ್ಯಾನೇಜರ್ ಕೀಗೆ ಕೈ ಚಾಚಿದ. ಅಮ್ಮ ಇಳಿಯಲಿಲ್ಲ.

ಗ್ರಾಹಕನ ಹಕ್ಕುಗಳನ್ನೆಲ್ಲ ವಿವರಿಸಿದ ಆ ಆದೇಶ, ಸೀಟು ಬಿಟ್ಟೇಳದ ಗ್ರಾಹಕನ ತಾಯಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.